ಮೊದಲ ಮಾತು ಯಾರದು?

ಏನನ್ನು ಆಡಬೇಕು, ಹೇಗೆ ಆಡಬೇಕು ಎಂಬುದರ ಬಗೆಗೆ ಹಿರಿಯರು ಸಾಕಷ್ಟು ಹೇಳಿದ್ದಾರೆ. ಯಾವಾಗ ಆಡಬೇಕು ಎಂಬುದು ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಸತ್ಯವಾದ ಮಾತನ್ನೂ ಅಕಾಲದಲ್ಲಿ ಆಡಿದರೆ ಎದುರಿನವರಿಗೆ ನೋವಾಗುತ್ತದೆ. ಉಪಕಾರದ ಮಾತೂ ಬೇಡದವರ ಕಿವಿಗೆ ಬಿದ್ದರೆ ಉಪದ್ರವವಾಗುತ್ತದೆ. ಮನುಷ್ಯರು ಈ ವಿವೇಚನೆಯನ್ನು ಮುಖ ನೋಡಿ, ಸಂದರ್ಭ ನೋಡಿ, ಎದುರಿನವರ ವಯಸ್ಸು ಮತ್ತು ಮನಃಸ್ಥಿತಿಯನ್ನು ಅರಿತು ಮಾಡಿಕೊಳ್ಳುತ್ತಾರೆ. ಈಗ ಅದೇ ವಿವೇಚನೆಯನ್ನು ಕಣ್ಣಿಲ್ಲದ ಯಂತ್ರವೊಂದಕ್ಕೆ ವಹಿಸಿಕೊಡಲಾಗಿದೆ. ಈ ಹಸ್ತಾಂತರ ನಡೆದದ್ದು ಯಾರ ಗಮನಕ್ಕೂ ಬಾರದಂತೆ ನಡೆದಿದೆ ಎಂಬುದು ಇನ್ನಷ್ಟು ಚಿಂತೆಯ ಸಂಗತಿ.

ಜಾಲತಾಣಗಳನ್ನು ನೋಡುವ ಅಭ್ಯಾಸವುಳ್ಳವರಿಗೆ ಇದು ಹೊಸ ಅನುಭವವಲ್ಲ. ಪುಟದ ಮೊದಲ ಸಾಲನ್ನು ಓದಿ ಮುಗಿಸುವ ಮುನ್ನವೇ ಬಲಗಡೆಯ ಕೆಳಮೂಲೆಯಿಂದ ಚಿಕ್ಕದೊಂದು ಕಿಟಕಿ ಮೇಲೇಳುತ್ತದೆ. ‘ನಮಸ್ಕಾರ, ನಿಮಗೆ ಯಾವ ಸಹಾಯ ಬೇಕು?’ ಎಂದು ಕೇಳುತ್ತದೆ. ಕೆಲವೆಡೆ ಅದರೊಡನೆ ಗಂಟೆಯ ಸದ್ದೂ ಕೇಳಿಬರುತ್ತದೆ. ಚಾಟ್‌ಬಾಟ್ ಎಂದು ಇದರ ಹೆಸರು. ಬಟ್ಟೆಯಂಗಡಿ, ಬ್ಯಾಂಕು, ಆಸ್ಪತ್ರೆ, ಕಾಲೇಜುಗಳ ತಾಣಗಳಲ್ಲಿ ಇದು ಸಾಮಾನ್ಯವಾಗಿದೆ. ತಿಂಗಳ ಬಾಡಿಗೆ ಕೊಟ್ಟರೆ ಯಾವ ಸಂಸ್ಥೆಯೂ ಇದನ್ನು ತನ್ನ ತಾಣಕ್ಕೆ ಜೋಡಿಸಿಕೊಳ್ಳಬಹುದು. ಆದ್ದರಿಂದ ಬಸದಿಗಳ ಟ್ರಸ್ಟುಗಳು, ವಿದ್ಯಾರ್ಥಿನಿಲಯಗಳು, ಯಾತ್ರಿನಿವಾಸಗಳು ನಡೆಸುವ ತಾಣಗಳ ಮುಂದೆಯೂ ಈ ಪ್ರಸ್ತಾಪ ಬಂದೇ ಬರುತ್ತದೆ. ಯಂತ್ರ ಬರುವುದರಲ್ಲಿ ದೋಷವಿಲ್ಲ. ಆ ಕಿಟಕಿ ಯಾವ ಕ್ಷಣದಲ್ಲಿ ತೆರೆಯಬೇಕೆಂದು ಗೊತ್ತುಮಾಡಿದವರು ಯಾರು, ಯಾರ ಹಿತಕ್ಕಾಗಿ ಗೊತ್ತುಮಾಡಿದರು ಎಂದು ವಿಚಾರಿಸದೆ ಅದನ್ನು ಬರಮಾಡಿಕೊಳ್ಳುವುದರಲ್ಲಿ ದೋಷವಿದೆ.

ಪ್ರತಿಪಾದಿಸಬೇಕಾದ ಮಾತು ಸರಳವಾದದ್ದು. ಮೊದಲ ಮಾತಿನ ಹಕ್ಕು ಬಂದವರದು. ಯಂತ್ರ ಕಾದಿರಬೇಕು. ಬಂದವರು ತೊಡಕಿಗೆ ಸಿಕ್ಕಿದ್ದಾರೆ ಎಂಬುದಕ್ಕೆ ಸ್ಪಷ್ಟವಾದ ಗುರುತು ದೊರೆತಾಗ ಮಾತ್ರ, ಅದೂ ಒಂದೇ ಸಲ, ಅದು ತಾನಾಗಿ ಬಾಯಿ ತೆರೆಯಬಹುದು. ಇದಕ್ಕೆ ಹೊರತಾದುದು ಎಷ್ಟೇ ವಿನಯದ ಭಾಷೆಯಲ್ಲಿದ್ದರೂ ಅತಿಕ್ರಮಣವೇ.

ಈಗ ರೂಢಿಯಲ್ಲಿರುವ ಕ್ರಮವನ್ನು ಪರಿಶೀಲಿಸಿದರೆ ಈ ಮಾತಿನ ಅಗತ್ಯ ತಿಳಿಯುತ್ತದೆ. ಚಾಟ್‌ಬಾಟ್ ಯಾವಾಗ ಮಾತು ಆರಂಭಿಸಬೇಕೆಂಬುದನ್ನು ಸಾಮಾನ್ಯವಾಗಿ ನಾಲ್ಕೈದು ಅಳತೆಗಳಿಂದ ಗೊತ್ತುಮಾಡುತ್ತಾರೆ. ಪುಟ ತೆರೆದು ಇಷ್ಟು ಸೆಕೆಂಡು ಕಳೆಯಿತು ಎಂಬುದು ಒಂದು. ಓದುಗರು ಪುಟದ ಅರ್ಧದವರೆಗೆ ಇಳಿದರು ಎಂಬುದು ಮತ್ತೊಂದು. ಎರಡು ಮೂರು ಪುಟ ನೋಡಿದರು, ಹಿಂದೆ ಬಂದವರೇ ಮತ್ತೆ ಬಂದರು ಎಂಬುವು ಇನ್ನೆರಡು. ಇವೆಲ್ಲಕ್ಕಿಂತ ಚತುರವಾದದ್ದು ನಿರ್ಗಮನದ ಊಹೆ. ಮೌಸಿನ ಬಾಣದ ಗುರುತು ಪರದೆಯ ಮೇಲಂಚಿನತ್ತ ಸರಿದರೆ ಬಂದವರು ಪುಟವನ್ನು ಮುಚ್ಚಿ ಹೊರಡುತ್ತಿದ್ದಾರೆಂದು ಯಂತ್ರ ತಿಳಿಯುತ್ತದೆ. ಒಡನೆಯೇ ಅಡ್ಡ ನಿಂತು ಮಾತಿಗೆಳೆಯುತ್ತದೆ. ಈ ಅಳತೆಗಳಲ್ಲಿ ಒಂದಾದರೂ ಬಂದವರ ಅಗತ್ಯವನ್ನು ಅಳೆಯುವುದಿಲ್ಲ. ಹತ್ತು ಸೆಕೆಂಡು ಕಳೆದದ್ದು ಓದುಗರು ನಿಧಾನವಾಗಿ ಓದುತ್ತಿರುವುದರಿಂದಲೂ ಇರಬಹುದು. ಬಾಣ ಮೇಲೆ ಸರಿದದ್ದು ಬೇಕಾದ ವಿಷಯ ದೊರೆತು ಅವರು ತೃಪ್ತಿಯಿಂದ ಹೊರಟಿರುವುದರಿಂದಲೂ ಇರಬಹುದು. ಗಿರಾಕಿ ಕೈತಪ್ಪಿಹೋದಾನೆಂಬ ಮಾರಾಟಗಾರನ ಭಯವೇ ಇವೆಲ್ಲದರ ನಿಜವಾದ ಅಳತೆಗೋಲು.

ಸಂವಾದಯಂತ್ರಗಳ ಇತಿಹಾಸ ಹೀಗೆ ಆರಂಭವಾಗಿರಲಿಲ್ಲ. 1966ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಜೋಸೆಫ್ ವೈಜನ್‌ಬಾಮ್ ಅವರು ಎಲೈಜಾ ಎಂಬ ಕಾರ್ಯಕ್ರಮವನ್ನು ಪ್ರಕಟಿಸಿದರು. ಬೇಕೆಂದವರು ತಾವಾಗಿ ಹೋಗಿ ಅದರ ಮುಂದೆ ಕುಳಿತರೆ ಮಾತ್ರ ಸಂಭಾಷಣೆ ನಡೆಯುತ್ತಿತ್ತು. ಅಂಥ ಸಾಧುವಾದ ಯಂತ್ರದೊಡನೆ ಕೂಡ ಜನರು ಅಂತರಂಗವನ್ನು ತೋಡಿಕೊಳ್ಳುವುದನ್ನು ಕಂಡು ಅದರ ನಿರ್ಮಾಪಕರೇ ಬೆಚ್ಚಿದರು. 1976ರಲ್ಲಿ ಅವರು ಬರೆದ ಗ್ರಂಥದ ವಾದ ಇಂದಿಗೂ ಮನನೀಯ: ಯಂತ್ರ ಮಾಡಬಲ್ಲದು ಎಂಬ ಕಾರಣಕ್ಕೇ ಎಲ್ಲ ಕೆಲಸವನ್ನೂ ಅದಕ್ಕೆ ಒಪ್ಪಿಸಲಾಗದು, ವಿವೇಕದ ಕೆಲಸಗಳನ್ನು ಒಪ್ಪಿಸಲೇಬಾರದು.

ಕೇಳದೆ ಮಾತನಾಡುವ ಯಂತ್ರದ ಪಾಡು ಏನಾಯಿತು ಎಂಬುದಕ್ಕೂ ದೊಡ್ಡ ದೃಷ್ಟಾಂತವಿದೆ. 1996ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ‘ಆಫೀಸ್ 97’ರಲ್ಲಿ ಕಾಗದದ ಕ್ಲಿಪ್ಪಿನ ಆಕಾರದ, ಕಣ್ಣು ಹುಬ್ಬುಗಳುಳ್ಳ ಸಹಾಯಕನೊಬ್ಬನಿದ್ದ. ಬರೆಯುವವರು ‘ಡಿಯರ್’ ಎಂದು ಟೈಪು ಮಾಡಿದ ಕೂಡಲೆ ಅವನು ಪರದೆಯ ಮೇಲೆ ಬಂದು, ಪತ್ರ ಬರೆಯುತ್ತಿರುವಂತಿದೆ, ಸಹಾಯ ಬೇಕೇ ಎಂದು ವಿಚಾರಿಸುತ್ತಿದ್ದ. ಮೊದಲ ಸಲ ನಗು ಬಂತು. ಹತ್ತನೆಯ ಸಲ ಸಿಟ್ಟು ಬಂತು. ನೂರು ಪತ್ರ ಬರೆದ ಗುಮಾಸ್ತನಿಗೂ ಅದೇ ಪ್ರಶ್ನೆ, ಮೊದಲ ಪತ್ರ ಬರೆಯುವ ವಿದ್ಯಾರ್ಥಿಗೂ ಅದೇ ಪ್ರಶ್ನೆ. 2001ರ ಆವೃತ್ತಿಯಲ್ಲಿ ಸಂಸ್ಥೆಯೇ ಅವನನ್ನು ಮೊದಲಿನಿಂದಲೇ ಮರೆಯಲ್ಲಿಟ್ಟಿತು, ತನ್ನ ಜಾಹೀರಾತಿನಲ್ಲಿ ತಾನೇ ಅವನನ್ನು ಹಾಸ್ಯಮಾಡಿತು. 2007ರ ಆವೃತ್ತಿಯಲ್ಲಿ ಅವನು ಪೂರ್ತಿಯಾಗಿ ಕಾಣೆಯಾದ. ಹಣಕ್ಕಾಗಲಿ ಪ್ರತಿಭೆಗಾಗಲಿ ಕೊರತೆಯಿಲ್ಲದ ಸಂಸ್ಥೆ ಅದು. ಅವನು ಕೊಡುತ್ತಿದ್ದ ಸಲಹೆ ಸುಳ್ಳೂ ಆಗಿರಲಿಲ್ಲ. ಅವನು ಸೋತದ್ದು ಸಮಯಜ್ಞಾನವಿಲ್ಲದೆ.

ಅದೇ ಸಂಸ್ಥೆಯ ಸಂಶೋಧಕರಾದ ಎರಿಕ್ ಹಾರ್ವಿಟ್ಜ್ ಅವರು 1999ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಬಹುಮಟ್ಟಿಗೆ ಸರಿಯಾದ ದಾರಿಯನ್ನೇ ತೋರಿಸಿತ್ತು. ಯಂತ್ರ ತಾನಾಗಿ ಮುಂದಾಗುವ ಮೊದಲು ಬಳಸುವವರ ಗಮನ ಎಲ್ಲಿ ನೆಟ್ಟಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವರ ಉದ್ದೇಶದ ಬಗೆಗೆ ತನಗಿರುವ ಅನುಮಾನವನ್ನು ತೂಗಬೇಕು. ಮುಂದಾಗುವುದರ ಲಾಭವನ್ನು ತಪ್ಪು ಊಹೆಯ ನಷ್ಟದೊಡನೆ ಹೋಲಿಸಬೇಕು. ಕರೆಯುವುದೂ ಕಳುಹಿಸುವುದೂ ಬಳಸುವವರಿಗೆ ಸುಲಭವಾಗಿರಬೇಕು. ಇಷ್ಟು ವಿವೇಕದ ಮಾತು ಅಚ್ಚಾಗಿ ಕಾಲು ಶತಮಾನ ಕಳೆದ ಮೇಲೂ ಸೆಕೆಂಡುಗಳ ಗಡಿಯಾರವನ್ನೇ ನಂಬಿರುವುದು ಅಜ್ಞಾನದಿಂದಲ್ಲ, ಆಸೆಯಿಂದ.

ಇದನ್ನು ಸಮರ್ಥಿಸುವವರ ಮೊದಲ ವಾದ ಆಕರ್ಷಕವಾಗಿದೆ. ಅಂಗಡಿಗೆ ಬಂದವರನ್ನು ವ್ಯಾಪಾರಿ ‘ಬನ್ನಿ, ಕೂತ್ಕೊಳ್ಳಿ, ಏನು ತೋರಿಸಲಿ?’ ಎಂದು ಸ್ವಾಗತಿಸುವುದಿಲ್ಲವೇ? ಮೌನವಾಗಿ ಕುಳಿತ ವ್ಯಾಪಾರಿ ಅಹಂಕಾರಿ ಎನಿಸುವುದಿಲ್ಲವೇ? ಎಂದು ಅವರು ಕೇಳುತ್ತಾರೆ. ಬೆಂಗಳೂರಿನ ಚಿಕ್ಕಪೇಟೆಯ ಜವಳಿ ಅಂಗಡಿಗಳನ್ನು ಬಲ್ಲವರಿಗೆ ಇದರ ಉತ್ತರ ಗೊತ್ತು. ಒಳ್ಳೆಯ ವ್ಯಾಪಾರಿ ಮೆಟ್ಟಿಲು ಹತ್ತುವವರ ಮುಖವನ್ನು ಓದುತ್ತಾನೆ. ಮದುವೆಯ ಸೀರೆಗೆ ಬಂದ ಕುಟುಂಬ ಯಾವುದು, ಮಳೆಗೆ ಆಸರೆ ಹುಡುಕಿ ನಿಂತವರು ಯಾರು ಎಂದು ತಿಳಿಯುತ್ತಾನೆ. ‘ಸುಮ್ಮನೆ ನೋಡ್ತೀವಿ’ ಎಂದ ಒಡನೆ ಸರಿದು ನಿಲ್ಲುತ್ತಾನೆ. ಅವನ ಸ್ವಾಗತದ ಮಾತು ಬಟ್ಟೆಯ ಮೇಲೆ ಅಡ್ಡಲಾಗಿ ಬಂದು ಕೂರುವುದಿಲ್ಲ. ಗಿರಾಕಿ ಮುಟ್ಟಿದ ಪ್ರತಿ ಸೀರೆಯ ಹಿಂದೆಯೂ ಬೆನ್ನಿಗಂಟಿ ಬರುವ ಕೆಲಸದವನನ್ನು ಮಾಲೀಕನೇ ಗದರಿಸುತ್ತಾನೆ. ಚಾಟ್‌ಬಾಟಿಗೆ ಮುಖ ಕಾಣದು, ದನಿ ಕೇಳದು, ಹಿಂದೆ ಸರಿಯುವ ಸಂಕೋಚ ಅರಿಯದು. ವ್ಯಾಪಾರಿಯ ನಾಲಗೆಯನ್ನು ಮಾತ್ರ ಅದಕ್ಕೆ ಕೊಟ್ಟು ಅವನ ಕಣ್ಣನ್ನು ಕೊಡದೆ ಹೋದರೆ ಅದು ಸೌಜನ್ಯದ ಅಣಕವಾಗುತ್ತದೆ.

ಎರಡನೆಯ ವಾದ ಅಂಕಿಗಳದು. ತಾನಾಗಿ ಮಾತನಾಡಿಸಿದರೆ ಹೆಚ್ಚು ಜನ ಉತ್ತರಿಸುತ್ತಾರೆ, ಹೆಚ್ಚು ವಿಚಾರಣೆಗಳು ಬರುತ್ತವೆ ಎನ್ನುತ್ತಾರೆ. ಬರಬಹುದು. ದಾರಿಗೆ ಅಡ್ಡ ನಿಂತವನಿಗೂ ಹೆಚ್ಚು ಜನ ಉತ್ತರಿಸುತ್ತಾರೆ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಉತ್ತರಿಸಿದವರಿಗೆ ಅಂಕಣವಿದೆ. ಬೇಸರಪಟ್ಟು ಕಿಟಕಿ ಮುಚ್ಚಿದವರ ಬೇಸರಕ್ಕೆ ಅಂಕಣವಿಲ್ಲ. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ಕೆಲಸದ ನಡುವೆ ಅಡ್ಡಿಗೆ ಒಳಗಾದವರು ತಮ್ಮ ಕೆಲಸವನ್ನು ಇತರರಿಗಿಂತ ಬೇಗ ಮುಗಿಸಿದರು. ಆದರೆ ಹೆಚ್ಚಿನ ಒತ್ತಡವನ್ನೂ ಹತಾಶೆಯನ್ನೂ ಅನುಭವಿಸಿದರು. ಹೊರಗಿನ ಅಂಕಿ ಲಾಭವನ್ನು ತೋರಿಸುತ್ತಿರುವಾಗಲೇ ಒಳಗೆ ಒಬ್ಬ ಮನುಷ್ಯ ಸವೆಯುತ್ತಿರಬಹುದೆಂಬುದು ಇದರ ಪಾಠ.

ಅಂಕಿಗಳನ್ನೇ ನಂಬಿದವರು ಹಿಂದೊಮ್ಮೆ ಬಿತ್ತಿದ ಬೆಳೆಯ ಕಥೆಯೂ ಉಂಟು. 1990ರ ದಶಕದ ಕೊನೆಯಲ್ಲಿ ಪುಟದ ಮುಂದೆ ತಾನಾಗಿ ತೆರೆದುಕೊಳ್ಳುವ ಜಾಹೀರಾತಿನ ಕಿಟಕಿಗಳು ಹಬ್ಬಿದವು. ಜನ ರೋಸಿಹೋದರು. ಅವನ್ನು ತಡೆಯುವ ವ್ಯವಸ್ಥೆಯನ್ನು 2004ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅಳವಡಿಸಿಕೊಂಡಿತು. ಅಂಥ ಕಿಟಕಿಯ ಆರಂಭದ ಸೂತ್ರವನ್ನು ಬರೆದವರಲ್ಲೊಬ್ಬರಾದ ಈಥನ್ ಜುಕರ್‌ಮನ್ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಬಲವಂತವಾಗಿ ತೆರೆದ ಕಿಟಕಿ ಕೊನೆಗೆ ಸಾಧಿಸಿದ್ದು ಇಷ್ಟೇ: ಎಲ್ಲ ಕಿಟಕಿಗಳನ್ನೂ ಓದದೆ ಮುಚ್ಚುವ ಅಭ್ಯಾಸವನ್ನು ಅದು ಜನರ ಕೈಗೆ ಕಲಿಸಿತು. ನಿಜವಾದ ಸಹಾಯ ಬಂದಾಗಲೂ ಆ ಕೈ ಅದನ್ನು ಮುಚ್ಚುತ್ತದೆ.

ಮೂರನೆಯ ವಾದವೇ ಬಲವಾದದ್ದು; ಅದನ್ನು ಲಘುವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಸಂಕೋಚದವರು, ವಯಸ್ಸಾದವರು, ಜಾಲತಾಣ ಬಳಸಿ ಅಭ್ಯಾಸವಿಲ್ಲದವರು ಸಹಾಯ ಕೇಳಬಹುದೆಂಬುದನ್ನೇ ಅರಿಯರು. ಅವರಿಗಾಗಿಯಾದರೂ ಯಂತ್ರ ಮೊದಲು ಮಾತನಾಡಬೇಡವೇ ಎಂಬುದು ಆ ವಾದ. ಅವರಿಗೆ ಸಹಾಯ ಬೇಕೆಂಬುದು ನಿಜ. ಅಕಾಲದ ಮಾತಿನಿಂದ ಹೆಚ್ಚು ಹಾನಿ ಆಗುವುದೂ ಅವರಿಗೇ ಎಂಬುದು ಅಷ್ಟೇ ನಿಜ. ಎಪ್ಪತ್ತು ವರ್ಷದ ಅಜ್ಜಿಯ ಕೈಯಲ್ಲಿರುವ ಮೊಬೈಲಿನ ಪರದೆ ಅಂಗೈಯಗಲದ್ದು. ಅದರ ಅರ್ಧವನ್ನು ಕಿಟಕಿ ಆವರಿಸಿದರೆ ಅವರು ಓದುತ್ತಿದ್ದ ಸಾಲೇ ಮಾಯವಾಗುತ್ತದೆ. ಮುಚ್ಚುವ ಗುರುತು ಎಳ್ಳಿನ ಕಾಳಿನಷ್ಟು. ಬೆರಳು ತಪ್ಪಿ ಬೇರೆಲ್ಲೋ ಒತ್ತಿದರೆ ಅವರು ತಮ್ಮದೇ ತಪ್ಪೆಂದು ಭಾವಿಸಿ ಮೊಬೈಲನ್ನು ಕೆಳಗಿಡುತ್ತಾರೆ. ದೃಷ್ಟಿಯಿಲ್ಲದವರು ಪುಟವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶವನ್ನು ಅವಲಂಬಿಸುತ್ತಾರೆ. ನಡುವೆ ನುಗ್ಗಿದ ಕಿಟಕಿ ಅವರ ಓದಿನ ಎಳೆಯನ್ನೇ ಕಡಿದುಬಿಡಬಹುದು. ಅಂಗವಿಕಲರಿಗೂ ಬಳಸಲು ಬರುವಂತೆ ಜಾಲತಾಣಗಳು ಹೇಗಿರಬೇಕೆಂದು 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಅತ್ಯುನ್ನತ ಶ್ರೇಣಿಯ ನಿಯಮಗಳಲ್ಲೊಂದು, ತುರ್ತು ಸಂದರ್ಭದ ಹೊರತು ಅಡ್ಡಿಗಳನ್ನು ಮುಂದೂಡುವ ಅಥವಾ ತಡೆಯುವ ಅಧಿಕಾರ ಬಳಸುವವರಿಗೇ ಇರಬೇಕೆಂದು ಹೇಳುತ್ತದೆ. ಸಂಕೋಚದವರ ಹೆಸರಿನಲ್ಲಿ ಎಲ್ಲರ ಮೇಲೆ ನುಗ್ಗುವುದು ಪರಿಹಾರವಲ್ಲ. ಎಲ್ಲ ಪುಟಗಳಲ್ಲಿಯೂ ಒಂದೇ ಜಾಗದಲ್ಲಿ, ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಸಹಾಯ ಬೇಕಾದರೆ ಇಲ್ಲಿ ಒತ್ತಿ’ ಎಂಬ ಫಲಕ, ಅದರ ಕೆಳಗೆ ಮನುಷ್ಯರೊಬ್ಬರು ಉತ್ತರಿಸುವ ದೂರವಾಣಿ ಸಂಖ್ಯೆ ಇರುವುದೇ ಅವರಿಗೆ ನಿಜವಾದ ಉಪಕಾರ.

ಹಾಗಾದರೆ ಯಂತ್ರ ತಾನಾಗಿ ಮಾತನಾಡಬಹುದಾದ ಸಂದರ್ಭವೇ ಇಲ್ಲವೇ? ಇದೆ. ವಸತಿಯ ಕೋಣೆ ಕಾದಿರಿಸುವವರು ಹಣ ಪಾವತಿಸಿದಾಗ ಪಾವತಿ ವಿಫಲವಾದರೆ ಅದು ತೊಡಕಿನ ಗುರುತು. ಅರ್ಜಿಯ ಒಂದೇ ಅಂಕಣದಲ್ಲಿ ಎರಡು ಸಲ ತಪ್ಪು ಎಂದು ಬಂದರೆ ಅದೂ ಗುರುತು. ಹುಡುಕಿದ್ದು ಎರಡು ಸಲವೂ ದೊರೆಯದಿದ್ದರೆ, ತುಂಬಿದ ಅರ್ಜಿ ಕಾಲಾವಧಿ ಮುಗಿದು ಅಳಿಸಿಹೋಗುವುದರಲ್ಲಿದ್ದರೆ ಆಗಲೂ ಮಾತನಾಡಬೇಕು. ಮೌನವೇ ಆಗ ಅಪರಾಧ. ಈ ಗುರುತುಗಳಿಗೂ ಸೆಕೆಂಡಿನ ಗಡಿಯಾರಕ್ಕೂ ಇರುವ ಅಂತರ ಸ್ಪಷ್ಟವಾಗಿದೆ: ಇವು ಬಂದವರ ಕಷ್ಟವನ್ನು ಹೇಳುತ್ತವೆ, ಅದು ಮಾಲೀಕನ ಆತುರವನ್ನು ಹೇಳುತ್ತದೆ. ಬಂದವರು ಟೈಪು ಮಾಡುತ್ತಿರುವಾಗ, ದೀರ್ಘ ಲೇಖನ ಓದುತ್ತಿರುವಾಗ, ಹಣದ ಮೊತ್ತ ಬರೆಯುತ್ತಿರುವಾಗ ಮಾತ್ರ ಅದು ಎಂದಿಗೂ ಬಾಯಿ ತೆರೆಯಕೂಡದು.

ಮಾತನಾಡಿದ ಯಂತ್ರದ ಮಾತಿಗೆ ಹೊಣೆ ಯಾರು ಎಂಬುದನ್ನೂ ಮರೆಯುವಂತಿಲ್ಲ. ಅಜ್ಜಿಯ ಮರಣದ ಕಾರಣ ತುರ್ತಾಗಿ ಪ್ರಯಾಣಿಸಬೇಕಾದ ಕೆನಡಾದ ಒಬ್ಬರಿಗೆ ಏರ್ ಕೆನಡಾ ಸಂಸ್ಥೆಯ ಚಾಟ್‌ಬಾಟ್ ರಿಯಾಯಿತಿ ದರದ ಬಗೆಗೆ ತಪ್ಪು ಮಾಹಿತಿ ನೀಡಿತು. ಚಾಟ್‌ಬಾಟಿನ ಮಾತಿಗೆ ತಾನು ಹೊಣೆಯಲ್ಲ ಎಂಬ ಧಾಟಿಯ ಸಂಸ್ಥೆಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರ್ ಕೊಡುವಂತೆ ಆಜ್ಞಾಪಿಸಿತು. ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರಕ್ಕೇ ಇಷ್ಟು ಹೊಣೆಯಿರುವಾಗ, ಕೇಳದವರನ್ನು ಕರೆದು ಹೇಳಿದ ಮಾತಿಗೆ ನೈತಿಕ ಹೊಣೆ ಎಷ್ಟಿರಬೇಡ?

ಭಾರತದ ಕಾನೂನಿನ ದೃಷ್ಟಿಯೂ ಈ ಕಡೆಗೇ ಇದೆ. ಗ್ರಾಹಕರನ್ನು ಮೋಸದ ವಿನ್ಯಾಸಗಳಿಂದ ರಕ್ಷಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಕುಟಿಲ ರೀತಿಗಳನ್ನು ಹೆಸರಿಸಲಾಗಿದೆ. ಮತ್ತೆ ಮತ್ತೆ ಅಡ್ಡಬಂದು ಪೀಡಿಸುವುದೂ ಅವುಗಳಲ್ಲಿ ಒಂದು. ಯಂತ್ರವು ತಾನು ಯಂತ್ರವೆಂಬುದನ್ನು ಮರೆಮಾಚಿ ಜನರನ್ನು ಕೊಳ್ಳುವಂತೆ ವಂಚಿಸುವುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರಿಂದಲೇ ನಿಷೇಧಿಸಿದೆ. ಆದರೂ ಹೆಣ್ಣುಮಗಳೊಬ್ಬಳ ನಗುಮುಖದ ಚಿತ್ರ, ಒಂದು ಹೆಸರು, ‘ಟೈಪು ಮಾಡುತ್ತಿದ್ದಾರೆ’ ಎಂಬ ಕುಣಿಯುವ ಚುಕ್ಕೆಗಳನ್ನು ಯಂತ್ರಕ್ಕೆ ತೊಡಿಸುವ ರೂಢಿ ನಿಂತಿಲ್ಲ. ಅಕಾಲದ ಮಾತಿಗೆ ಅಸತ್ಯವೂ ಕೂಡಿಕೊಂಡರೆ ದೋಷ ಇಮ್ಮಡಿಯಾಗುತ್ತದೆ.

ಕಾನೂನಿಗಿಂತ ಮೊದಲೇ ಈ ವಿಷಯದಲ್ಲಿ ಮಾರ್ಗದರ್ಶನ ಪಡೆದ ಸಮಾಜಕ್ಕೆ ಹೆಚ್ಚು ವಿವರಿಸಬೇಕಾಗಿಲ್ಲ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಭಾಷಾಸಮಿತಿ ಒಂದು. ಮೂರು ಗುಪ್ತಿಗಳಲ್ಲಿ ವಚನಗುಪ್ತಿ ಒಂದು. ಹಿತವೂ ಮಿತವೂ ಆದ ಮಾತು, ಅಗತ್ಯವಿಲ್ಲದಲ್ಲಿ ಮೌನ ಎಂಬುದು ಇವೆರಡರ ತಿರುಳು. ಅಚೌರ್ಯಾಣುವ್ರತವೂ ಇಲ್ಲಿ ಅನ್ವಯಿಸುತ್ತದೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳವು. ಓದುಗರ ಗಮನ ಅವರ ಸ್ವತ್ತು. ಅದನ್ನು ಅವರು ಪುಟದ ಮೇಲಿಟ್ಟಿರುವಾಗ ಎಳೆದುಕೊಂಡವರು ಏನನ್ನು ತೆಗೆದುಕೊಂಡಂತಾಯಿತು? ಒಂದು ಕ್ಷಣವಲ್ಲವೇ ಎಂದು ನಕ್ಕುಬಿಡಬಹುದು. ಒಬ್ಬರಿಂದ ಒಂದು ಕ್ಷಣ, ಸಾವಿರ ಜನರಿಂದ ಸಾವಿರ ಕ್ಷಣ. ಒಂದೊಂದೇ ಕಾಳು ಕದ್ದು ತುಂಬಿದ ಕಣಜವೂ ಕಳವಿನ ಕಣಜವೇ.

ಧರ್ಮಸಂಸ್ಥೆಗಳ ಜಾಲತಾಣಕ್ಕೆ ಬರುವವರು ಯಾರು ಎಂಬುದನ್ನು ಟ್ರಸ್ಟುಗಳ ಆಡಳಿತ ಮಂಡಳಿಗಳು ಒಮ್ಮೆ ಕಲ್ಪಿಸಿಕೊಳ್ಳಬೇಕು. ಬೆಳಗಾವಿಯ ಕುಟುಂಬವೊಂದು ಶ್ರವಣಬೆಳಗೊಳಕ್ಕೂ ಮೂಡುಬಿದಿರೆಗೂ ಹೋಗಲು ಯೋಚಿಸಿ, ಕೋಣೆ ದೊರೆಯುವುದೇ, ಸೂರ್ಯಾಸ್ತದೊಳಗೆ ಊಟ ಸಿಗುವುದೇ ಎಂದು ಹುಡುಕುತ್ತಿರುತ್ತದೆ. ಊರು ಬಿಟ್ಟು ಪರದೇಶದಲ್ಲಿರುವ ಮಗನೊಬ್ಬ ತೀರಿಹೋದ ತಾಯಿಯ ನೆನಪಿಗೆ ಪೂಜೆ ಮಾಡಿಸಲು ಆಕೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಯುತ್ತಿರುತ್ತಾನೆ. ಮೊದಲನೆಯವರಿಗೆ ಬೇಕಾದ ಉತ್ತರವನ್ನು ಪುಟದಲ್ಲಿಯೇ ಬರೆದಿಟ್ಟರೆ ಯಂತ್ರದ ಮಾತೇ ಬೇಕಿಲ್ಲ. ಎರಡನೆಯವನ ಮುಂದೆ ‘ಇಂದಿನ ವಿಶೇಷ ಸೇವೆಗಳನ್ನು ನೋಡುವಿರಾ?’ ಎಂದು ಕಿಟಕಿ ಕುಣಿದರೆ ಅದಕ್ಕಿಂತ ಕ್ರೂರವಾದ ಅವಿವೇಕ ಯಾವುದು? ಬಸದಿಯ ಗರ್ಭಗುಡಿಯ ಮುಂದೆ ಕೈಮುಗಿದು ನಿಂತವರ ಭುಜ ತಟ್ಟಿ ರಸೀದಿ ಪುಸ್ತಕ ಚಾಚುವವರನ್ನು ಯಾವ ಟ್ರಸ್ಟೂ ಸಹಿಸದು. ಪರದೆಯ ಮೇಲೆ ಅದೇ ಕೆಲಸವನ್ನು ಸಹಿಸಲು ಕಾರಣವೇನಿದೆ?

ಆದುದರಿಂದ ಚಾಟ್‌ಬಾಟ್ ಬೇಕೆನ್ನುವ ಮಂಡಳಿ ಅದನ್ನು ಮಾರಲು ಬಂದವರ ಮುಂದೆ ಕೆಲವು ನಿಬಂಧನೆಗಳನ್ನು ಇಡಬೇಕು. ತಾನಾಗಿ ತೆರೆಯುವ ಏರ್ಪಾಡು ಆರಂಭದಿಂದಲೇ ನಿಂತಿರಬೇಕು. ತೊಡಕಿನ ಗುರುತುಗಳು ಯಾವುವೆಂದು ಮಂಡಳಿಯೇ ಪಟ್ಟಿ ಮಾಡಿಕೊಡಬೇಕು. ಒಮ್ಮೆ ಮುಚ್ಚಿದವರ ಮುಂದೆ ಅದು ಆ ಭೇಟಿಯಲ್ಲಿ ಮತ್ತೆ ತಲೆಯೆತ್ತಬಾರದು. ಸದ್ದು ಕೂಡದು. ತಾನು ಯಂತ್ರವೆಂದು ಮೊದಲ ವಾಕ್ಯದಲ್ಲೇ ಹೇಳಬೇಕು. ದಾನದ ಪುಟದಲ್ಲಿ, ಸ್ಮರಣಾರ್ಥ ಪೂಜೆಯ ಪುಟದಲ್ಲಿ ಅದು ಕರೆಯದೆ ಬರಕೂಡದು. ಈ ನಿಬಂಧನೆಗಳನ್ನು ಕಂಪ್ಯೂಟರ್ ಬಲ್ಲ ಹುಡುಗನ ಇಷ್ಟಕ್ಕೆ ಬಿಡದೆ ಸಭೆಯಲ್ಲಿ ಚರ್ಚಿಸಿ ನಡಾವಳಿಯಲ್ಲಿ ದಾಖಲಿಸಬೇಕು. ಸಂಸ್ಥೆಯ ಬಾಗಿಲಲ್ಲಿ ನಿಂತು ಯಾರು, ಯಾವಾಗ, ಯಾವ ಮಾತನಾಡಬೇಕೆಂಬುದು ತಂತ್ರಜ್ಞಾನದ ಪ್ರಶ್ನೆಯಲ್ಲ. ಅದು ಸಂಸ್ಥೆಯ ಶೀಲದ ಪ್ರಶ್ನೆ.

ಒಳ್ಳೆಯ ಆತಿಥೇಯನ ಲಕ್ಷಣ ಎಲ್ಲ ಕಾಲಕ್ಕೂ ಒಂದೇ. ಅವನು ಬಾಗಿಲು ತೆರೆದಿಡುತ್ತಾನೆ, ದೀಪ ಹಚ್ಚಿಡುತ್ತಾನೆ, ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿರುತ್ತಾನೆ. ಎಡವಿದವರನ್ನು ಕಂಡರೆ ಕರೆಯುವ ಮುನ್ನವೇ ಎದ್ದು ಬರುತ್ತಾನೆ. ಯಂತ್ರಕ್ಕೆ ಮಾತು ಕಲಿಸಲು ಲೋಕದ ಬುದ್ಧಿಶಕ್ತಿಯೆಲ್ಲ ಖರ್ಚಾಗುತ್ತಿದೆ. ಅದಕ್ಕೆ ಸುಮ್ಮನಿರಲು ಕಲಿಸುವ ಕೆಲಸವನ್ನು ಮೌನದ ಬೆಲೆ ಬಲ್ಲವರು ಕೈಗೆತ್ತಿಕೊಳ್ಳಲಿ.